ಕತ್ತರಿಯಕ್ಕನ ಕ್ಯಾಮರಾ

ನಮ್ಮ ಮಹಡಿಯಲ್ಲಿ ಎದುರು ಬಾಗಿಲಿನ ಮನೆ ಕತ್ತರಿಯಕ್ಕನದು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇದೆ, ಆದರೆ ಅದನ್ನು ಅವಳು ಒಮ್ಮೆಯೂ ಕೇಳಿಸಿಕೊಂಡಿಲ್ಲ. ಹುಟ್ಟಿನಿಂದಲೇ ಅವಳಿಗೆ ಕಿವಿ ಕೇಳಿಸದು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವುದು ಅವಳ ಕೆಲಸ. ಅಲ್ಲಿ ಅವಳಂಥ ಹೆಂಗಸರು ಇನ್ನೂ ಕೆಲವರಿದ್ದಾರೆ. ಅವರು ಒಬ್ಬರನ್ನೊಬ್ಬರು ಕರೆಯುವುದು ಕೈಗುರುತಿನಲ್ಲಿ. ಎರಡು ಬೆರಳನ್ನು ತೆರೆದು ಮುಚ್ಚಿದರೆ ಅದು ಇವಳ ಹೆಸರು. ಅದನ್ನೇ ಬಾಯಿಮಾತಿಗೆ ತಂದು ನಾವೆಲ್ಲ ಕತ್ತರಿಯಕ್ಕ ಎನ್ನುತ್ತೇವೆ. ಅವಳು ಕೈಯಲ್ಲಿ ಹೇಳಿದ್ದನ್ನು ನಾನಿಲ್ಲಿ ಮಾತಿನಲ್ಲಿ ಬರೆಯುತ್ತಿದ್ದೇನೆ. ಅವಳ ಮನೆಗೆ ಹೋಗಿ ಬಂದು ನನಗೆ ಆ ಭಾಷೆ ಅಷ್ಟಿಷ್ಟು ಬರುತ್ತದೆ. ತಪ್ಪಿದ್ದರೆ ತಪ್ಪು ನನ್ನದು.

ಚಿಕ್ಕವಳಿದ್ದಾಗ ಅವಳನ್ನು ಸೇರಿಸಿದ ಶಾಲೆಯಲ್ಲಿ ಕೈ ಆಡಿಸುವಂತಿರಲಿಲ್ಲ. ಟೀಚರ ತುಟಿ ನೋಡಿ ಮಾತು ಕಲಿಯಬೇಕು, ಕೈ ಮೇಲೆದ್ದರೆ ಬೆರಳಿನ ಗಂಟಿಗೆ ಪಟ್ಟಿಯ ಏಟು. ಇವಳು ಏಟು ತಿಂದಳೇ ಹೊರತು ಕೈ ಇಳಿಸಲಿಲ್ಲ. ಕೊನೆಗೆ ಶಾಲೆಯವರೇ ಬೇಸತ್ತು ಇವಳಿಗೆ ವಿದ್ಯೆ ಹತ್ತುವುದಿಲ್ಲ ಎಂದು ಮನೆಗೆ ಕಳಿಸಿದರು. ಮಾತು ಅಂತ ಅವಳಿಗೆ ಸಿಕ್ಕಿದ್ದು ಕಾರ್ಖಾನೆಯ ಮೇಜಿನಲ್ಲಿ, ಕಿವಿ ಕೇಳಿಸದ ಒಬ್ಬ ವಯಸ್ಸಾದ ಹೆಂಗಸಿನಿಂದ. ಅಲ್ಲಿಂದ ಮುಂದೆ ಓದು ಬರಹವನ್ನೂ ತಾನೇ ಕಲಿತಳು. ದೇವರು ನಿನ್ನ ಕಿವಿಯ ಪಾಲನ್ನೂ ಕಣ್ಣಿಗೇ ಕೊಟ್ಟಿದ್ದಾನೆ ಎಂದು ನಾನೊಮ್ಮೆ ಅಂದಿದ್ದೆ. ಅವಳಿಗೆ ಅದು ಹಿಡಿಸಲಿಲ್ಲ. ದೇವರನ್ನು ಇದಕ್ಕೆಲ್ಲ ಎಳೆಯಬೇಡ, ನೋಡಿ ನೋಡಿ ರೂಢಿಯಾಗಿದೆ ಅಷ್ಟೆ ಎಂದಳು.

ಕ್ಯಾಮರಾದ ಕತೆ ಶುರುವಾದದ್ದು ಸಮವಸ್ತ್ರದಿಂದ. ಬೇರೆ ಊರಿನಲ್ಲಿ ಕಿವಿ ಕೇಳಿಸದ ಮಕ್ಕಳ ಶಾಲೆಯೊಂದಿದೆ. ಅಲ್ಲಿಯ ಮಕ್ಕಳಿಗೆ ಇವಳ ಕಾರ್ಖಾನೆಯಲ್ಲಿ ಬಟ್ಟೆ ಹೊಲಿದಿದ್ದರು. ಅಳತೆ ಸರಿ ಕೂತಿದೆಯೇ ನೋಡಲು ಇವಳನ್ನು ಕಳಿಸಿದರು. ಒಂದು ಪುಟ್ಟ ಹುಡುಗಿ, ಎದುರಿನ ಎರಡು ಹಲ್ಲು ಬಿದ್ದವಳು, ಇವಳು ತೋಳಿನ ಅಳತೆ ಹಿಡಿಯುತ್ತಿದ್ದಾಗ ಇವಳ ಮುಖವನ್ನೇ ನೋಡುತ್ತಿದ್ದಳಂತೆ. ಆಮೇಲೆ ಕೈಯಲ್ಲಿ ಕೇಳಿದಳು: “ನಿಮಗೆ ಇಷ್ಟು ದೊಡ್ಡೋರಾದ್ರೂ ಕಿವಿ ಕೇಳ್ಸಲ್ವಾ?”

ಆ ಮಗು ಅಲ್ಲಿವರೆಗೆ ಕಿವಿ ಕೇಳಿಸದ ದೊಡ್ಡವರನ್ನೇ ನೋಡಿರಲಿಲ್ಲ. ಮನೆಯ ದೊಡ್ಡವರಿಗೆಲ್ಲ ಕೇಳಿಸುತ್ತದೆ, ಶಾಲೆಯ ಟೀಚರುಗಳಿಗೆಲ್ಲ ಕೇಳಿಸುತ್ತದೆ. ಹಾಲುಹಲ್ಲು ಬಿದ್ದು ಬೇರೆ ಹಲ್ಲು ಬರುವಂತೆ ಕಿವಿಯೂ ಒಂದು ದಿನ ಬಂದುಬಿಡುತ್ತದೆ ಎಂದು ಅದು ತಿಳಿದುಕೊಂಡಿತ್ತು. ಅದೊಂದೇ ಅಲ್ಲ, ತರಗತಿಯ ಮುಕ್ಕಾಲು ಪಾಲು ಮಕ್ಕಳು ಹಾಗೇ ತಿಳಿದಿದ್ದರು.

ಮನೆಗೆ ಬಂದವಳು ಊಟ ಸೇರದೆ ಕೂತಳು. ಆ ಮಕ್ಕಳಿಗೆ ತಾನು ಪಾಠ ಹೇಳಬೇಕು ಎಂದು ನಿಶ್ಚಯ ಮಾಡಿದ್ದು ಅಂದೇ. ಆ ಶಾಲೆಯಲ್ಲಿ ಕಂಪ್ಯೂಟರಿನ ಮೂಲಕ ದಿನಕ್ಕೊಂದು ಪಿರಿಯಡ್ ಭಾಷೆ ಮತ್ತು ಕತೆ ಹೇಳಿಕೊಡಲು ಶಿಕ್ಷಕಿ ಬೇಕೆಂದು ಹುಡುಕುತ್ತಿದ್ದರು. ಇವಳು ಅರ್ಜಿ ಹಾಕಿದಳು. ಶಾಲಾ ಸಮಿತಿಯ ಕಾರ್ಯದರ್ಶಿ, ಮೊದಲು ಮಾದರಿ ಪಾಠ ಮಾಡಿ ತೋರಿಸಿ, ಮಕ್ಕಳನ್ನು ಕೂರಿಸಿಕೊಂಡು ನಾವೂ ನೋಡುತ್ತೇವೆ ಎಂದು ಬರೆದರು.

ಕಂಪ್ಯೂಟರಿನೊಳಗೇ ಇರುವ ಕ್ಯಾಮರಾ ಅವಳಿಗೆ ಸಾಲದು. ಅದು ಮುಖ ತೋರಿಸುತ್ತದೆ, ಕೈ ಹೊರಗೇ ಉಳಿಯುತ್ತದೆ. ದೂರ ಸರಿದು ಕೂತರೆ ಬೆರಳುಗಳೆಲ್ಲ ಕಲಸಿ ಮುದ್ದೆಯಾಗುತ್ತವೆ. ಅವಳ ತಮ್ಮ ಹಿಂದೆ ಸಮಾರಂಭಗಳ ವಿಡಿಯೊ ತೆಗೆಯುತ್ತಿದ್ದವನು. ಈಗ ಬೇರೆ ಕೆಲಸ ಹಿಡಿದಿದ್ದಾನೆ, ವಿಡಿಯೊ ಕ್ಯಾಮರಾ ಮಾತ್ರ ಅಟ್ಟದಲ್ಲಿತ್ತು. ಅದನ್ನು ಇಳಿಸಿ, ಮುಕ್ಕಾಲಿಯ ಮೇಲೆ ನಿಲ್ಲಿಸಿ, ಯುಎಸ್‌ಬಿ ಕೇಬಲ್ಲಿನಿಂದ ಕಂಪ್ಯೂಟರಿಗೆ ಸೇರಿಸಿಕೊಟ್ಟ. ಕೇಬಲ್ಲು ಮೋಟು. ಕ್ಯಾಮರಾ ಒಂದು ಗೋಡೆಯ ಕಡೆ, ಕಂಪ್ಯೂಟರ್ ಇನ್ನೊಂದು ಗೋಡೆಯ ಕಡೆ. ಹಾಗಾಗಿ ಇನ್ನೊಂದು ಉದ್ದನೆಯ ಕೇಬಲ್ಲನ್ನು ಜೋಡಿಸಿ, ಕಾಲಿಗೆ ತೊಡರಬಾರದೆಂದು ಗೋಡೆಯ ಮೇಲೆ ಟ್ಯೂಬ್‌ಲೈಟಿನ ವೈರು ಹೋಗಿದ್ದ ಕ್ಲಿಪ್ಪುಗಳಲ್ಲೇ ತೂರಿಸಿ ಅಂದವಾಗಿ ಸಾಗಿಸಿದ. ಚಿತ್ರ ಚೆನ್ನಾಗಿ ಬಂತು. ಬೆರಳಿನ ಗೆರೆ ಕೂಡ ಕಾಣುತ್ತಿತ್ತು.

ಮೊದಲ ಮಾದರಿ ಪಾಠದಲ್ಲಿ ಕತೆ ಅರ್ಧಕ್ಕೆ ಬರುವಷ್ಟರಲ್ಲಿ ಚಿತ್ರ ನಿಂತುಹೋಯಿತು. ಅವಳ ಕೈ ಮೇಲೆತ್ತಿದ್ದು ಎತ್ತಿದಂತೆಯೇ ಕಲ್ಲಾಯಿತು. ಕಂಪ್ಯೂಟರಿನಲ್ಲಿ ಕ್ಯಾಮರಾ ಸಿಗುತ್ತಿಲ್ಲ ಎಂಬ ಬರಹ ಬಂತು. ಕ್ಯಾಮರಾದ ಪುಟ್ಟ ಪರದೆಯಲ್ಲಿ, ಯಾವ ರೀತಿಯ ಸಂಪರ್ಕ ಬೇಕು ಎಂದು ಅದು ಮೊದಲಿನಿಂದ ಕೇಳತೊಡಗಿತು. ಗುಂಡಿ ಒತ್ತಿ ಮತ್ತೆ ಜೋಡಿಸುವಷ್ಟರಲ್ಲಿ ಆ ಕಡೆ ಮಕ್ಕಳು ಎದ್ದು ಓಡಾಡುತ್ತಿದ್ದರು. ಎರಡನೆಯ ಸಲವೂ ಹಾಗೇ ಆಯಿತು. ಆಗ ಕಾರ್ಯದರ್ಶಿಯ ಸಂದೇಶ ಬಂತು. ತುಂಬ ಮರ್ಯಾದೆಯ ಮಾತುಗಳಲ್ಲಿತ್ತು. ಇಂಥ ತಾಪತ್ರಯಗಳು ಬಂದಾಗ ನಮ್ಮ ಜೊತೆ ಫೋನಿನಲ್ಲಿ ಮಾತಾಡಬಲ್ಲವರೊಬ್ಬರು ಪಕ್ಕದಲ್ಲಿರುವುದು ಒಳ್ಳೆಯದು. ಅಥವಾ ಕಿವಿ ಕೇಳಿಸುವ ಶಿಕ್ಷಕಿಯೊಬ್ಬರನ್ನು ನೇಮಿಸುತ್ತೇವೆ, ತಾವು ಅವರಿಗೆ ಸಹಾಯಕಿಯಾಗಬಹುದು. ಕೊನೆಯದಾಗಿ ಇನ್ನೊಂದು ಅವಕಾಶ ಬೇಕಿದ್ದರೆ ಮುಂದಿನ ವಾರ ಕೊಡಬಲ್ಲೆವು.

ತಮ್ಮ ಒಳ್ಳೆಯ ಮನಸ್ಸಿನಿಂದಲೇ ತಾನು ರಜೆ ಹಾಕಿ ಪಕ್ಕದಲ್ಲಿ ಕೂರುತ್ತೇನೆಂದ. ಅವಳು ಬೇಡವೆಂದು ತಲೆಯಾಡಿಸಿದಳು.

“ನೀನು ಕೂತ್ರೆ ಅವ್ರು ನಿನ್ ಹತ್ರ ಮಾತಾಡ್ತಾರೆ. ನಾನು ಮಧ್ಯದಲ್ಲಿ ಬೊಂಬೆ. ಆ ಮಕ್ಕಳು ನೋಡೋದು ಬೊಂಬೇನ.”

“ಅಲ್ಲಕ್ಕಾ, ಒಂದಿನದ ಮಟ್ಟಿಗೆ ತಾನೆ?”

“ನಮ್ ಜೀವನದಲ್ಲಿ ಎಲ್ಲಾನೂ ಒಂದಿನದ ಮಟ್ಟಿಗೇ ಶುರುವಾಗೋದು.”

ಮೂರನೆಯ ಅವಕಾಶ ಬೇಕು, ಒಬ್ಬಳೇ ಕೂರುತ್ತೇನೆ ಎಂದು ಅವಳು ಅಲ್ಲೇ ಉತ್ತರ ಬರೆದು ಕಳಿಸಿದಳು. ಕಳಿಸಿದ ಮೇಲೆ ಕ್ಯಾಮರಾದ ಕಡೆ ತಿರುಗಿ ಅದನ್ನು ದುರುಗುಟ್ಟಿ ನೋಡಿದಳು.

ಇಲ್ಲಿ ಅವಳ ಅಮ್ಮನ ವಿಷಯ ಹೇಳಬೇಕು. ಅಮ್ಮನಿಗೆ ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಮಂಡಿನೋವಿರುವುದರಿಂದ ಓಡಾಟ ಮಾತ್ರ ಕಷ್ಟ. ಮಗಳ ಕೋಣೆಯ ಲೈಟಿನ ಸ್ವಿಚ್ಚು ಕೋಣೆಯ ಹೊರಗೆ, ಅಡುಗೆಮನೆಯ ಬಾಗಿಲ ಪಕ್ಕದಲ್ಲಿದೆ. ಮಗಳನ್ನು ಕರೆಯಬೇಕೆಂದರೆ ಅಮ್ಮ ಆ ಸ್ವಿಚ್ಚನ್ನು ಪಟಪಟ ಆರಿಸಿ ಹಾಕಿ ಮಾಡುತ್ತಾರೆ. ಟ್ಯೂಬ್‌ಲೈಟ್ ಮಿಣಮಿಣ ಎಂದಾಗ ಮಗಳು ಬಾಗಿಲ ಕಡೆ ತಿರುಗುತ್ತಾಳೆ. ಅವಳು ತೊಟ್ಟಿಲಿನಿಂದ ಎದ್ದು ನಡೆಯಲು ಕಲಿತಂದಿನಿಂದ ಆ ಮನೆಯಲ್ಲಿ ‘ಬಾರೇ’ ಎಂದರೆ ಅದೇ.

ಲೈಟು ಮಿಣುಕಿದೊಡನೆ ಇವಳು ಸರಕ್ಕನೆ ತಿರುಗುತ್ತಿದ್ದಳಲ್ಲ, ಮರಳಿ ಪರದೆ ನೋಡಿದರೆ ಚಿತ್ರ ನಿಂತಿರುತ್ತಿತ್ತು. ತಾನು ತಿರುಗಿದ ರಭಸಕ್ಕೆ ಮೇಜು ಅಲ್ಲಾಡಿ ಕೇಬಲ್ಲು ಎಳೆದುಹೋಗುತ್ತಿದೆ ಎಂದು ಅವಳು ಎಣಿಸಿದಳು. ತಪ್ಪೆಲ್ಲ ತನ್ನ ಮೈಯ ಮೇಲೆ ಹಾಕಿಕೊಂಡಳು. ಕಂಪ್ಯೂಟರ್ ರಿಪೇರಿಯವನು ಬಂದು ನೋಡಿದಾಗ ಅವನೂ ಅದೇ ಅಂದ. ಅವನಿದ್ದಷ್ಟು ಹೊತ್ತು ಚಿತ್ರ ಒಮ್ಮೆಯೂ ನಿಲ್ಲಲಿಲ್ಲ, ಕೇಬಲ್ಲು, ಕ್ಯಾಮರಾ ಎರಡೂ ಸರಿಯಿವೆ, ಅಲುಗಾಡದೆ ಕೂರಿ ಎಂದು ಹೇಳಿ ಹೋದ. ಅವನಿದ್ದಾಗ ಚಿತ್ರ ಏಕೆ ನಿಲ್ಲಲಿಲ್ಲ ಎಂಬುದು ಆಮೇಲೆ ತಿಳಿಯಿತು. ಹೊರಗಿನವರು ಕೂತಿರುವ ಕೋಣೆಯಲ್ಲಿ ದೀಪ ಆರಿಸಿ ಹಾಕಿದರೆ ಅವರಿಗೆ ಎದ್ದು ಹೋಗಿ ಅಂದಂತೆ ಆಗುತ್ತದೆ ಎಂದು ಅಮ್ಮ ಆ ಹೊತ್ತು ಸ್ವಿಚ್ಚು ಮುಟ್ಟಿರಲಿಲ್ಲ. ಮಂಡಿ ಹಿಡಿದುಕೊಂಡು ಒಳಗೆ ಬಂದು, ಮಗಳ ಭುಜ ತಟ್ಟಿ ಟೀ ಕೊಟ್ಟು ಹೋಗಿದ್ದರು.

ಅಂಗಿಯ ತೋಳು ಕೂರದಿದ್ದರೆ ಇಡೀ ಅಂಗಿಯನ್ನು ಬೈಯಬಾರದು, ಒಂದೊಂದೇ ಹೊಲಿಗೆ ಬಿಚ್ಚಿ ನೋಡಬೇಕು ಎನ್ನುವವಳು ಅವಳು. ಹಾಗೇ ಮಾಡಿದಳು. ತಮ್ಮನ ಹತ್ತಿರ ಇನ್ನೊಂದು ಕೇಬಲ್ ತರಿಸಿ ಅದೇ ಕ್ಲಿಪ್ಪುಗಳಲ್ಲಿ ತೂರಿಸಿದಳು, ಚಿತ್ರ ನಿಂತಿತು. ಕಂಪ್ಯೂಟರಿನ ಬೇರೆ ಕಿಂಡಿಗೆ ಚುಚ್ಚಿದಳು, ನಿಂತಿತು. ಕ್ಯಾಮರಾದ ಬಾಯಿಯಲ್ಲಿ ಕೇಬಲ್ಲು ಸಡಿಲವಾಗಿದೆಯೇನೋ ಎಂದು ಬಟ್ಟೆಯ ಪಟ್ಟಿಯಿಂದ ಬಿಗಿದು ಮುಕ್ಕಾಲಿಗೆ ಕಟ್ಟಿದಳು. ಕೈ ಮುರಿದವರಿಗೆ ಕಟ್ಟು ಹಾಕಿದಂತೆ ಕಾಣುತ್ತಿತ್ತು. ಮಧ್ಯಾಹ್ನವೆಲ್ಲ ಓಡಿತು, ಸಂಜೆ ಮತ್ತೆ ನಿಂತಿತು. ಕೊನೆಗೆ ತನ್ನ ಮೈಯನ್ನೇ ಪರೀಕ್ಷೆಗೆ ಹಚ್ಚಿದಳು. ಏನೇ ಆಗಲಿ ತಿರುಗುವುದಿಲ್ಲ ಎಂದು ಕುರ್ಚಿಯಲ್ಲಿ ಕಂಬದಂತೆ ಕೂತು, ಕೈ ಮಾತ್ರ ಆಡಿಸುತ್ತ ಪರದೆಯಲ್ಲಿ ತನ್ನನ್ನೇ ನೋಡುತ್ತಿದ್ದಳು. ಅಮ್ಮ ಲೈಟು ಮಿಣುಕಿಸಿದರು. ಅವಳು ಕದಲಲಿಲ್ಲ. ಚಿತ್ರ ಆದರೂ ನಿಂತಿತು.

ನಾನು ಆ ಹೊತ್ತಿಗೆ ಅಮ್ಮನ ಜೊತೆ ಅಡುಗೆಮನೆಯಲ್ಲಿ ಕೂತಿದ್ದೆ. ಅವಳು ಹೊರಗೆ ಬಂದಳು. ಕೋಪ ಮುಖದಲ್ಲಿ ಕುದಿಯುತ್ತಿದ್ದರೂ ಒಂದು ಕಡೆ ನಿರಾಳವೂ ಇತ್ತು. ನನ್ನ ಮೈಯದೇನೂ ತಪ್ಪಿಲ್ಲ, ನಾನು ಕದಲಲಿಲ್ಲ, ಆದರೂ ನಿಂತಿತು ಎಂದು ನನಗೆ ಹೇಳಿದಳು. ಆಮೇಲೆ ಅಮ್ಮನನ್ನು ಕೇಳಿದಳು, ಕರೆದರೂ ತಿರುಗಲಿಲ್ಲ ಎಂದು ಸಿಟ್ಟಾಯಿತೇ ಎಂದು.

ಅಮ್ಮನಿಗೆ ಕಾರ್ಖಾನೆಯ ಕೈಮಾತು ಬರುವುದಿಲ್ಲ. ಅಮ್ಮ ಮಗಳಿಗೆ ತಮ್ಮದೇ ಒಂದು ಮನೆಮಾತಿದೆ, ಅರ್ಧ ಕೈ, ಅರ್ಧ ಮುಖ, ನಡುನಡುವೆ ಬಾಯಿ. ಅಮ್ಮ ಹೇಳಿದರು: “ನಂಗ್ಯಾಕೆ ಸಿಟ್ಟು? ನೀನು ತಿರುಗ್ದಿದ್ರೂ ನಿನ್ ಪೆಟ್ಟಿಗೆ ನಂಗೆ ಓಗೊಡುತ್ತಲ್ಲ. ನಾನು ಸ್ವಿಚ್ ಒತ್ತಿದ್ರೆ ಸಾಕು, ಟಿಣ್ ಅನ್ನುತ್ತೆ. ನಿನಗಿಂತ ಅದೇ ವಾಸಿ, ಕರೆದ್ರೆ ಹೂಂ ಅನ್ನುತ್ತೆ.”

ಮಗಳು ಅಮ್ಮನ ಬಾಯನ್ನೇ ನೋಡುತ್ತಿದ್ದಳು. ಪೆಟ್ಟಿಗೆ ಏನನ್ನುತ್ತದೆ ಎಂದು ಕೇಳಿದಳು. ಟಿಣ್ ಎಂದರೆ ಏನೆಂದು ಹೇಳುವುದು? ಅಮ್ಮ ಸ್ಟೀಲಿನ ಲೋಟವೊಂದನ್ನು ಅವಳ ಅಂಗೈಯಲ್ಲಿಟ್ಟು ಚಮಚದಿಂದ ಒಂದೇಟು ಹೊಡೆದರು. ಲೋಟ ಅವಳ ಕೈಯಲ್ಲಿ ನಡುಗಿತು.

ಕ್ಯಾಮರಾದ ಸಂಪರ್ಕ ಕಡಿದಾಗ ಕಂಪ್ಯೂಟರ್ ಮಾಡುವ ಸದ್ದು ಅದು. ಮಗಳಿಗೆ ಚಿತ್ರ ನಿಂತದ್ದು ಕಾಣುತ್ತಿತ್ತು, ಸದ್ದು ಕೇಳಿಸುತ್ತಿರಲಿಲ್ಲ. ಅಮ್ಮನಿಗೆ ಸದ್ದು ಕೇಳಿಸುತ್ತಿತ್ತು, ಅಡುಗೆಮನೆಯಿಂದ ಪರದೆ ಕಾಣುತ್ತಿರಲಿಲ್ಲ. ಕಿವಿ ಕೇಳಿಸದವರ ಕಂಪ್ಯೂಟರಿನಲ್ಲಿ ಅಮ್ಮಂದಿರಿಗೆ ಉತ್ತರ ಕೊಡಲೆಂದೇ ಹಾಗೊಂದು ಏರ್ಪಾಡು ಇರುತ್ತದೆ ಎಂದು ಅವರು ನಂಬಿಕೊಂಡು ಸಂತೋಷಪಟ್ಟಿದ್ದರು. ನನ್ನ ಹತ್ತಿರ ಒಂದೆರಡು ಸಲ ಹೊಗಳಿಕೊಂಡೂ ಇದ್ದರು. ನಾನು ಕೇಳಿಸಿಕೊಂಡು ಸುಮ್ಮನಿದ್ದೆ, ನನಗೂ ಹೊಳೆಯಲಿಲ್ಲ.

ಅವಳು ಲೋಟ ಕೆಳಗಿಟ್ಟು ಕೋಣೆಗೆ ಹೋಗಿ ಕ್ಯಾಮರಾ ಮತ್ತೆ ಜೋಡಿಸಿದಳು. ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ, ಟಿಣ್ ಕೇಳಿದರೆ ಕೈ ಎತ್ತು ಎಂದಳು. ಅಮ್ಮ ಸ್ವಿಚ್ಚು ಒತ್ತಿದರು, ನಾನು ಕೈ ಎತ್ತಿದೆ, ಚಿತ್ರ ನಿಂತಿತು. ಮತ್ತೆ ಜೋಡಿಸಿದಳು, ಮತ್ತೆ ಹಾಗೇ. ಮೊದಲ ಮಾದರಿ ಪಾಠದ ದಿನ ನೀನೇನಾದರೂ ಕರೆದಿದ್ದೆಯಾ ಎಂದು ಅಮ್ಮನನ್ನು ಕೇಳಿದಳು. ಕರೆದಿದ್ದರು, ಯಾರೋ ಬಾಗಿಲು ಬಡಿದಿದ್ದರು. ಎರಡನೆಯ ದಿನ? ಬಾಗಿಲಿನಿಂದ ಇಣುಕಿದಾಗ ಮಗಳ ಕಾಲರ್ ಹಿಂದುಗಡೆ ಮಡಚಿಕೊಂಡಿತ್ತು, ಅಷ್ಟು ಜನ ನೋಡುವಾಗ ಅಸಹ್ಯ ಎಂದು ಕರೆದಿದ್ದರು.

ಅಮ್ಮನಿಗೆ ಅರ್ಥವಾದ ಗಳಿಗೆಯಲ್ಲಿ ಅವರ ಮುಖ ಬಾಡಿತು. ಸ್ವಿಚ್ಚಿನಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡರು, ಏನೋ ಅಂಟಿದಂತೆ. ಮಗಳ ಬಾಯಿ ಮುಚ್ಚಿಸಿದವಳು ತಾನೇ ಎಂದು ಮೆಲ್ಲಗೆ ಅಂದರು. ಮಗಳು ಅದನ್ನು ನೋಡಿ ಅವರ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ನೀನು ಹೇಳದಿದ್ದರೆ ನಾನು ಹೊಸ ಕ್ಯಾಮರಾ ತಂದು ಅದನ್ನೂ ಬೈಯುತ್ತಿದ್ದೆ ಎಂದಳು.

ತಮ್ಮ ಸಂಜೆ ಬಂದವನು ಗೋಡೆ ನೋಡಿ ಹಣೆ ತಟ್ಟಿಕೊಂಡ. ಹಳೆಯ ಟ್ಯೂಬ್‌ಲೈಟಿನ ಚೋಕು ಆರಿಸಿ ಹಾಕಿದಾಗೆಲ್ಲ ವೈರಿನಲ್ಲಿ ಝಟಕ್ಕನೆ ಒಂದು ಹೊಡೆತ ಕೊಡುತ್ತದೆ. ಡೇಟಾ ಹೋಗುವ ಕೇಬಲ್ಲು ಅದೇ ವೈರಿಗೆ ಮೈ ತಾಗಿಸಿಕೊಂಡು ಅಷ್ಟುದ್ದ ಹೋಗಿದೆ, ಆ ಹೊಡೆತ ಇದಕ್ಕೂ ಬೀಳುತ್ತದೆ. ಅಂದವಾಗಿರಲಿ ಎಂದು ತೂರಿಸಿದವನು ತಾನೇ. ಆದರೆ ಪರಿಹಾರ ಸುಲಭ ಎಂದ. ಪಾಠದ ಹೊತ್ತಿನಲ್ಲಿ ಅಮ್ಮ ಸ್ವಿಚ್ಚು ಮುಟ್ಟದಿದ್ದರಾಯಿತು. ಬೇಕಾದರೆ ಸ್ವಿಚ್ಚಿನ ಮೇಲೆ ಟೇಪು ಅಂಟಿಸೋಣ. ಅಮ್ಮನೂ ಆಗಲೇ ತಲೆಯಾಡಿಸುತ್ತಿದ್ದರು, ಇನ್ನು ಆ ಕಡೆ ಕೈಯೇ ಹಾಕುವುದಿಲ್ಲ ಎಂದು.

ಕತ್ತರಿಯಕ್ಕ ಎದ್ದು ನಿಂತಳು.

“ಅಮ್ಮ ನನ್ನನ್ನ ಕರೆಯೋದೇ ಹೀಗೆ. ನಿಂಗೆ ಬಾಯಿ ಮುಚ್ಕೋ ಅಂತ ಯಾರಾದ್ರೂ ಟೇಪ್ ಹಚ್ತಾರಾ? ಜಾಗ ಬಿಡ್ಬೇಕಾಗಿರೋದು ಅಮ್ಮ ಅಲ್ಲ, ಕೇಬಲ್ಲು.”

“ಒಂದು ಗಂಟೆಗೋಸ್ಕರ ಇಷ್ಟೆಲ್ಲಾ ಯಾಕಕ್ಕಾ?”

“ನನ್ ಕೈಗೂ ಹಿಂಗೇ ಅಂದಿದ್ರು, ಪಾಠದ ಹೊತ್ತಲ್ಲಿ ಮಾತ್ರ ಕಟ್ಕೊಂಡಿರು ಅಂತ.”

ತಮ್ಮ ಹೋಗಿ ಸ್ಕ್ರೂಡ್ರೈವರ್ ತಂದ. ಉದ್ದನೆಯ ಕೇಬಲ್ಲು ಕ್ಲಿಪ್ಪುಗಳಿಂದ ಕಳಚಿ ಬಂತು. ಮೇಜನ್ನು ಕಿಟಕಿಯ ಗೋಡೆಗೆ ಎಳೆದರು, ಕ್ಯಾಮರಾವನ್ನು ಅದರ ಪಕ್ಕಕ್ಕೇ ತಂದರು, ಈಗ ಮೋಟು ಕೇಬಲ್ಲೇ ಸಾಕಾಯಿತು. ಕೋಣೆಯ ನಡುವೆ ಕುರ್ಚಿ ಬಂದು ನಡೆಯಲು ಜಾಗವಿಲ್ಲದಂತಾಯಿತು, ಇರಲಿ ಎಂದಳು. ಗೋಡೆಯ ಮೇಲೆ ಕಿತ್ತ ಗುರುತುಗಳು ಉಳಿದವು, ಅವೂ ಇರಲಿ ಎಂದಳು. ಆಮೇಲೆ ಅಮ್ಮನನ್ನು ಸ್ವಿಚ್ಚಿನ ಮುಂದೆ ಸ್ಟೂಲು ಹಾಕಿ ಕೂರಿಸಿ, ಸಾಕು ಅನ್ನುವವರೆಗೆ ಕರೆಯುತ್ತಿರು ಎಂದಳು. ಅಮ್ಮ ಕೈ ಸೋಲುವವರೆಗೆ ಕರೆದರು. ಟ್ಯೂಬ್‌ಲೈಟೇ ಸುಟ್ಟುಹೋಗುತ್ತದೆಂದು ನಾವು ಹೆದರಿದೆವು. ಚಿತ್ರ ನಿಲ್ಲಲಿಲ್ಲ. “ಅಯ್ಯೋ ಪಾಪ, ಪೆಟ್ಟಿಗೆ ಮಾತೇ ಬಿಟ್ಟಿತಲ್ಲೇ,” ಎಂದು ಅಮ್ಮ ನನ್ನ ಕಡೆ ನೋಡಿ ನಕ್ಕರು.

ಮೂರನೆಯ ಮಾದರಿ ಪಾಠದ ದಿನ ನಾನೂ ಅಡುಗೆಮನೆಯಲ್ಲಿದ್ದೆ, ಪರದೆ ಕಾಣುವ ಹಾಗೆ ಬಾಗಿಲಿಗೆ ಒತ್ತಿ ಕೂತಿದ್ದೆ. ಬೇಡಿಕೊಳ್ಳಲು ಕಣ್ಣು ಮುಚ್ಚಿದರೆ ಅವಳ ಮಾತು ತಪ್ಪಿಹೋಗುತ್ತದೆ, ಹಾಗಾಗಿ ಕಣ್ಣು ಬಿಟ್ಟುಕೊಂಡೇ ಬೇಡಿಕೊಂಡೆ. ಆ ಕಡೆ ಮಕ್ಕಳು, ಅವರ ಹಿಂದೆ ಕಾರ್ಯದರ್ಶಿ ಮತ್ತು ಶಾಲೆಯ ಹೆಡ್‌ಮಿಸ್. ಕೈಮಾತು ಬಲ್ಲ ಒಬ್ಬ ಟೀಚರು ದೊಡ್ಡವರಿಗೆ ಅರ್ಥ ಹೇಳುತ್ತಿದ್ದರು. ನಿಮ್ಮ ಜೊತೆ ಯಾರೂ ಇಲ್ಲವೇ ಎಂದೇ ಕಾರ್ಯದರ್ಶಿ ಮೊದಲು ಕೇಳಿದರು. ಇಲ್ಲ ಎಂದಳು.

ಅವಳು ಹೇಳಿದ್ದು ಒಂದು ಮೋಡದ ಕತೆ. ಮನೆ ಹುಡುಕಿಕೊಂಡು ಹೊರಟ ಮೋಡ. ಅವಳ ಕೈಯಲ್ಲಿ ಆ ಮೋಡ ಉಬ್ಬಿತು, ಸೀನಿತು, ಬೆಟ್ಟಕ್ಕೆ ಮೂಗು ತಾಗಿಸಿಕೊಂಡಿತು. ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ನಡುವೆ ಅಮ್ಮ ಎದ್ದು ಸ್ವಿಚ್ಚಿನ ಹತ್ತಿರ ಹೋದರು. ನಾನು ಸೀರೆ ಹಿಡಿದು ಎಳೆದೆ. ಅವರು ಕೈ ಕೊಡವಿದರು. ಕಾಲರ್ ಮತ್ತೆ ಮಡಚಿಕೊಂಡಿತ್ತು.

ಲೈಟು ಮಿಣುಕಿತು. ಚಿತ್ರ ಓಡುತ್ತಲೇ ಇತ್ತು. ಕತ್ತರಿಯಕ್ಕ ತಿರುಗಿ ನೋಡಿ, ಕಾಲರ್ ಸರಿಮಾಡಿಕೊಂಡು, ಮಕ್ಕಳ ಕಡೆ ಮುಖ ಮಾಡಿದಳು. ಆ ಹಲ್ಲಿಲ್ಲದ ಹುಡುಗಿ ಪರದೆಗೆ ಮೂಗು ಒತ್ತಿಕೊಂಡು ಬಂದಿದ್ದಳು, ಈಗ ಅವಳಿಗೆ ಅರ್ಧ ಹಲ್ಲು ಬಂದಿತ್ತು.

“ಯಾರು ಕರೆದಿದ್ದು?”

“ನಮ್ಮಮ್ಮ.”

“ದೊಡ್ಡೋರಾದ್ಮೇಲೂ ಕರೀತಾರಾ?”

“ಕರೀತಾರೆ. ದೊಡ್ಡೋಳಾದೆ ಅಂತ ಕಿವಿನೂ ಬರ್ಲಿಲ್ಲ, ಅಮ್ಮನೂ ಬಿಡ್ಲಿಲ್ಲ.”

ಒಬ್ಬ ಹುಡುಗ ಏನೋ ಕೇಳಿದ, ಮೋಡದ್ದು ಆಮೇಲೆ ಏನಾಯಿತು ಎಂದಿರಬೇಕು. ಕತೆ ಮುಂದುವರಿಯಿತು.

ಮಕ್ಕಳನ್ನು ಹೊರಗೆ ಕಳಿಸಿದ ಮೇಲೆ ಕಾರ್ಯದರ್ಶಿ ಮುಂದೆ ಬಂದು ಕೂತರು. ಪಾಠ ಬಹಳ ಚೆನ್ನಾಗಿತ್ತು ಎಂದರು, ಮನಸಾರೆ ಅಂದರು. ಆದರೂ ಸದ್ಯಕ್ಕೆ ಸಹಾಯಕಿಯಾಗಿಯೇ ಸೇರಿಕೊಂಡರೆ ಮುಂದೆ ನೋಡಬಹುದು, ಸಂಪರ್ಕ ಮತ್ತೆ ಕೆಟ್ಟರೆ ಕಷ್ಟವಾಗಬಾರದಲ್ಲ ಎಂದರು. ಟೀಚರು ಅದನ್ನು ಕೈಯಲ್ಲಿ ಹೇಳಿದರು. ಹೇಳುವಾಗ ಅವರ ಕೈ ಸ್ವಲ್ಪ ತಡವರಿಸಿತು.

“ಕೆಡುತ್ತೆ,” ಎಂದಳು ಕತ್ತರಿಯಕ್ಕ. “ಕೆಟ್ಟಾಗ ಸರಿಮಾಡ್ತೀನಿ. ಎರಡು ಸಲ ಕೆಟ್ಟಿತ್ತು, ಮೂರನೇ ಸಲ ನಿಮ್ಮೆದುರಿಗೇ ಇದ್ದೀನಿ. ನಾನು ಚಿಕ್ಕೋಳಿದ್ದಾಗ ನನ್ನಂಥ ಒಬ್ಬ ಟೀಚರನ್ನೂ ನೋಡ್ಲಿಲ್ಲ. ಈ ಮಕ್ಕಳು ನೋಡ್ಲಿ, ಟೀಚರ್ ಪಕ್ಕದಲ್ಲಿ ನಿಂತಿರೋ ಸಹಾಯಕೀನಲ್ಲ. ಟೀಚರಾಗಿ ಕರೆದ್ರೆ ಬರ್ತೀನಿ. ಇಲ್ಲಾಂದ್ರೆ ಕಾರ್ಖಾನೇಲಿ ನನಗೆ ಬೇಕಾದಷ್ಟು ಬಟ್ಟೆ ಇದೆ.”

ಅಡುಗೆಮನೆಯಲ್ಲಿ ಅಮ್ಮ ನನ್ನ ಮುಂಗೈಯನ್ನು ಉಗುರು ನಾಟುವಂತೆ ಹಿಡಿದಿದ್ದರು. ಏನಂದಳು, ಏನಂದಳು ಎಂದು ಪಿಸುಗುಟ್ಟಿದರು. ನಾನು ಹೇಳಿದೆ. ಅಮ್ಮ ಉಸಿರು ಬಿಟ್ಟು, “ಹಾಳಾದವಳು, ಯಾರ ಹೊಟ್ಟೇಲಿ ಹುಟ್ಟಿದಳೋ,” ಎಂದರು. ಅದರಲ್ಲಿ ಹೆಮ್ಮೆಯೇ ಹೆಚ್ಚಿತ್ತು.

ಕೊನೆಗೆ ಮಾತಾಡಿದ್ದು ಅಲ್ಲಿಯವರೆಗೆ ಸುಮ್ಮನಿದ್ದ ಹೆಡ್‌ಮಿಸ್. ಅವರು ಕಾರ್ಯದರ್ಶಿಯನ್ನು ನೋಡಲಿಲ್ಲ, ಕೈಮಾತಿನ ಟೀಚರನ್ನೂ ನೋಡಲಿಲ್ಲ. ಕತ್ತರಿಯಕ್ಕನನ್ನೇ ನೋಡಿ, ಸೋಮವಾರದಿಂದ ಬೆಳಿಗ್ಗೆ ಮೊದಲ ಪಿರಿಯಡ್ ತೆಗೆದುಕೊಳ್ಳಲು ಆಗುತ್ತದೆಯೇ ಎಂದು ಕೇಳಿದರು.

“ಮೊದಲ್ನೇದು ಆಗಲ್ಲ,” ಎಂದಳು ಇವಳು. “ನಂಗೆ ಬೆಳಿಗ್ಗೆ ಕಾರ್ಖಾನೆ ಇರುತ್ತೆ. ಕೊನೇ ಪಿರಿಯಡ್ ಕೊಡಿ.”

ಕೊನೆಯ ಪಿರಿಯಡ್ಡೇ ಕೊಟ್ಟರು. ಈಗ ಮಳೆಗಾಲ ಒಂದು ಕಳೆದು ಇನ್ನೊಂದು ಬರುತ್ತಿದೆ. ಸಂಪರ್ಕ ಆಮೇಲೂ ಕೆಟ್ಟಿದೆ, ಒಮ್ಮೆ ಕ್ಯಾಮರಾದ ಚಾರ್ಜರ್ ಕೈಕೊಟ್ಟಿತು, ಒಮ್ಮೆ ಶಾಲೆಯ ಕಡೆಯೇ ಕರೆಂಟು ಹೋಯಿತು. ಅವಳು ಹೊಲಿಗೆ ಬಿಚ್ಚಿ ನೋಡುವಂತೆ ಒಂದೊಂದಾಗಿ ನೋಡಿ ಸರಿಮಾಡಿಕೊಂಡಳು. ಕಾರ್ಯದರ್ಶಿ ತಿಂಗಳಿಗೊಮ್ಮೆ ತರಗತಿಗೆ ಬಂದು ಹಿಂದೆ ಕೂರುತ್ತಾರೆ. ಕೈಯಲ್ಲಿ ‘ಚೆನ್ನಾಗಿದ್ದೀರಾ ಟೀಚರ್’ ಎಂದು ಕೇಳುವಷ್ಟು ಕಲಿತಿದ್ದಾರೆ. ಹೆಬ್ಬೆರಳು ಪ್ರತಿ ಸಲ ತಪ್ಪು ಕಡೆ ತಿರುಗುತ್ತದೆ. ಕತ್ತರಿಯಕ್ಕ ಪಾಠ ನಿಲ್ಲಿಸುತ್ತಾಳೆ, ಅವರನ್ನು ಎಬ್ಬಿಸಿ ನಿಲ್ಲಿಸುತ್ತಾಳೆ, ಸರಿಯಾಗುವವರೆಗೆ ಮಕ್ಕಳೆದುರಿಗೇ ಮತ್ತೆ ಮತ್ತೆ ಹೇಳಿಸುತ್ತಾಳೆ.